ತೆಂಗಿನ ತೋಟದಲ್ಲಿ ಪ್ರಭುತ್ವ: ವಸಾಹತು ಕಾಲದ ಕೃಷಿ ಪ್ರೋತ್ಸಾಹ ಮತ್ತು ಕನ್ನಡ ಅಧ್ಯಯನದ ಮೌನ

ಬೆಂಗಳೂರಿನ ಮತ್ತಿಕೆರೆಯ ಹೆಸರಿನಲ್ಲಿ ಮರವೂ ಇದೆ, ಕೆರೆಯೂ ಇದೆ. ಊರು ನಗರದೊಳಗೆ ಕರಗಿಹೋದ ಮೇಲೂ ಹೆಸರು ಉಳಿದುಕೊಂಡಿದೆ. ಇದರ ಒಂದು ಮಗ್ಗುಲಿಗೆ 1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಇನ್ನೊಂದು ಮಗ್ಗುಲಿಗೆ, ಕೆಲವೇ ಮೈಲಿಗಳ ಅಂತರದಲ್ಲಿ, ಹೆಬ್ಬಾಳದ ಕೃಷಿ ಕ್ಷೇತ್ರವಿದೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದ ಕಾಲದಲ್ಲಿ, 1899ರಲ್ಲಿ, ಕೊಟ್ಟ 30 ಎಕರೆ ಜಮೀನಿನಿಂದ ಅದು ಆರಂಭವಾಯಿತು. ಮೈಸೂರು ಸಂಸ್ಥಾನದ ಪ್ರಭುತ್ವವು ಆಧುನಿಕ ವಿಜ್ಞಾನವನ್ನು ರೈತನ ಹೊಲದ ಬದುವಿನವರೆಗೆ ತಂದು ನಿಲ್ಲಿಸಿದ ಗುರುತುಗಳಿವು. ಈ ಎರಡರ ನಡುವೆ ಬದುಕಿದ್ದ ಮತ್ತಿಕೆರೆಯಂತಹ ಹಳ್ಳಿಗಳ ಬೇಸಾಯಗಾರನೊಡನೆ ಪ್ರಭುತ್ವ ಯಾವ ಮಾತಿನಲ್ಲಿ ಮಾತನಾಡಿತು, ಅವನು ಅದನ್ನು ಯಾವ ಮಾತಿನಲ್ಲಿ ಗ್ರಹಿಸಿದ ಎಂಬ ಪ್ರಶ್ನೆ ಕನ್ನಡ ಅಧ್ಯಯನದೊಳಗೆ ಅಷ್ಟಾಗಿ ಏಳಲಿಲ್ಲ. ಕೃಷಿ ಇತಿಹಾಸವು ಅರ್ಥಶಾಸ್ತ್ರ ವಿಭಾಗದ ವಿಷಯವೆಂದೂ ಬೇಸಾಯ ಪದ್ಧತಿಯು ಕೃಷಿ ವಿಶ್ವವಿದ್ಯಾಲಯದ ವಿಷಯವೆಂದೂ ಕನ್ನಡ ವಿಭಾಗಗಳು ಸದ್ದಿಲ್ಲದೆ ಒಪ್ಪಿಕೊಂಡಂತಿದೆ. ತೆಂಗಿನಂತಹ ಒಂದೇ ಬೆಳೆಯನ್ನು ಹಿಡಿದು ನೋಡಿದರೂ ಈ ವಿಂಗಡಣೆ ಎಷ್ಟು ದುರ್ಬಲವಾದುದೆಂಬುದು ತಿಳಿಯುತ್ತದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಹುಟ್ಟನ್ನು ವಿವರಿಸುವಾಗ ಮೈಸೂರು ಸಂಪದಭ್ಯುದಯ ಸಮಾಜದ ಹೆಸರು ಬಂದೇ ಬರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆರಂಭವಾದ ಈ ಸಮಾಜವು ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಪ್ರತ್ಯೇಕ ಸಮಿತಿಗಳನ್ನು ಹೊಂದಿತ್ತು. ವಿದ್ಯಾಭ್ಯಾಸದ ಕಡೆಯಿಂದ ಬಂದ ಸಲಹೆಯು ಬೆಳೆದು 1915ರ ಮೇ ತಿಂಗಳಲ್ಲಿ, ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಪರಿಷತ್ತು ಬೆಂಗಳೂರಿನಲ್ಲಿ ರೂಪುಗೊಂಡಿತು. ಸಾಹಿತ್ಯ ಚರಿತ್ರೆಗಳು ಇಷ್ಟನ್ನು ಹೇಳಿ ಮುಂದೆ ಸಾಗುತ್ತವೆ. ಆದರೆ ಪಕ್ಕದ ಸಮಿತಿಯಲ್ಲಿ ಬೀಜ, ಗೊಬ್ಬರ, ಬಾವಿ, ಸಾಲಗಳ ಚರ್ಚೆ ನಡೆಯುತ್ತಿತ್ತು. ಒಂದೇ ಸೂರಿನಡಿಯಲ್ಲಿ ಭಾಷೆಯ ಏಳಿಗೆಯೂ ಬೆಳೆಯ ಏಳಿಗೆಯೂ ‘ಸಂಪತ್ತು’ ಎಂಬ ಒಂದೇ ಪದದ ಅರ್ಥವ್ಯಾಪ್ತಿಗೆ ಸೇರಿದ್ದವು. ಅಂದಿನವರಿಗೆ ಸಹಜವಾಗಿ ಕಂಡಿದ್ದ ಈ ನಂಟನ್ನು ಕಳಚಿಹಾಕಿದವರು ಮುಂದಿನ ವಿದ್ವಾಂಸರು. ನವೋದಯವನ್ನು ಭಾವಗೀತೆಯ ಉದಯವೆಂದು ಓದುವ ಪದ್ಧತಿ ಗಟ್ಟಿಯಾದಂತೆಲ್ಲ ಅದೇ ಕಾಲದ ವ್ಯವಸಾಯ ಗದ್ಯವು ಸಾಹಿತ್ಯ ಚರಿತ್ರೆಯ ಕಣ್ಣಿನಿಂದ ಮರೆಯಾಯಿತು.

‘ವಸಾಹತು’ ಎಂಬ ಪದವನ್ನು ಇಲ್ಲಿ ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. 1881ರ ನಂತರದ ಮೈಸೂರು ಒಡೆಯರ ಆಳ್ವಿಕೆಯಲ್ಲಿದ್ದರೂ ಬ್ರಿಟಿಷರ ಪರಮಾಧಿಕಾರಕ್ಕೆ ಒಳಪಟ್ಟು ಪೊಗದಿ ಒಪ್ಪಿಸುತ್ತಿದ್ದ ಸಂಸ್ಥಾನ. ದಕ್ಷಿಣ ಕನ್ನಡವಾದರೋ ಮದರಾಸು ಅಧಿಪತ್ಯಕ್ಕೆ ಸೇರಿದ, ನೇರ ಆಳ್ವಿಕೆಯ ಜಿಲ್ಲೆ. ತೆಂಗು ಎರಡು ಕಡೆಯೂ ಇತ್ತು, ಸರ್ಕಾರದ ಆಸಕ್ತಿಯೂ ಎರಡು ಕಡೆ ಇತ್ತು. ಆ ಆಸಕ್ತಿಯ ಮೊದಲ ಹೆಜ್ಜೆಗಳು ಸಂಶೋಧನಾ ಕೇಂದ್ರಗಳಿಗಿಂತ ಹಿಂದಿನವು. ಟಿಪ್ಪುವಿನ ಪತನದ ಮರುವರ್ಷವೇ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಹೊರಟ ಫ್ರಾನ್ಸಿಸ್ ಬುಕನನ್ ಮೈಸೂರು, ಕೆನರಾ, ಮಲಬಾರುಗಳ ತೋಟಗಳಲ್ಲಿ ನಿಂತು ಬೆಳೆಗಾರರನ್ನು ಪ್ರಶ್ನಿಸಿದ. ಸಸಿ ಹಾಕುವ ಕ್ರಮ, ಮಣ್ಣು, ನೀರು, ಫಲ, ತೆರಿಗೆ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಸಂಪುಟಗಳಲ್ಲಿ ರೋಮನ್ ಲಿಪಿಗೆ ಸಿಕ್ಕಿ ನಲುಗಿದ ಕನ್ನಡ ಕೃಷಿಪದಗಳು ನೂರಾರಿವೆ. ಬುಕನನ್ನನ ಪ್ರವಾಸವನ್ನು ಚರಿತ್ರೆಯ ಆಕರವಾಗಿ ಎಲ್ಲರೂ ಬಳಸುತ್ತಾರೆ. ಅದನ್ನು ಕನ್ನಡ ವೃತ್ತಿಪದಗಳ ಒಂದು ಹಳೆಯ ಸಂಗ್ರಹವಾಗಿಯೂ ಓದಬಹುದೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಳೆಯಬೇಕಾಗಿತ್ತು.

ಮದರಾಸು ಸರ್ಕಾರವು 1916ರಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ತೆರೆಯಿತು. ಪಿಲಿಕ್ಕೋಡು, ನೀಲೇಶ್ವರಗಳಲ್ಲಿಯೂ ಕ್ಷೇತ್ರಗಳು ಬಂದವು. ಇವೆಲ್ಲವೂ ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಕಾಸರಗೋಡು ತಾಲ್ಲೂಕಿನ ಸ್ಥಳಗಳು. ಈ ಕಾಳಜಿಗೆ ಕಾರಣವನ್ನು ತೋಟದೊಳಗೆ ಹುಡುಕಿದರೆ ಸಾಲದು. ಯೂರೋಪಿನ ಸಾಬೂನು ಮತ್ತು ಮಾರ್ಗರೀನ್ ಉದ್ಯಮಗಳಿಗೆ ಕೊಬ್ಬರಿ ಎಣ್ಣೆ ಬೇಕಾಗಿತ್ತು. ತೆಂಗು ಆ ಹೊತ್ತಿಗೆ ಸಾಮ್ರಾಜ್ಯದ ವಾಣಿಜ್ಯ ಬೆಳೆಯಾಗಿತ್ತು. ಸಿಂಹಳದಲ್ಲಿ 1928ರ ಶಾಸನದನ್ವಯ ಮರುವರ್ಷ ತೆಂಗು ಸಂಶೋಧನಾ ಯೋಜನೆ ಜಾರಿಗೆ ಬಂದುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಆದರೆ ಸಿಂಹಳದಲ್ಲಿ ದೊಡ್ಡ ಎಸ್ಟೇಟುಗಳ ಒಡೆಯರ ದನಿ ಸರ್ಕಾರದ ಕಿವಿಗೆ ಬೀಳುತ್ತಿತ್ತು. ಕರಾವಳಿ ಕನ್ನಡದ ತೆಂಗು ಬಹುಮಟ್ಟಿಗೆ ಮನೆಯ ಹಿತ್ತಿಲಿನದು, ಗದ್ದೆಯ ಅಂಚಿನದು, ಹೊಳೆಯ ದಡದ್ದು. ಅಂತಹ ತೋಟದಲ್ಲಿ ದುಡಿಯುವವನ ದನಿ ಸಂಶೋಧನಾ ವರದಿಯಲ್ಲಿ ದಾಖಲಾಗುವ ದಾರಿ ಇರಲಿಲ್ಲ.

ಈ ಕೇಂದ್ರಗಳ ಸಾಧನೆಯನ್ನು ಹಗುರವಾಗಿ ಕಾಣುವುದು ತರವಲ್ಲ. 1932ರಲ್ಲಿ ನೀಲೇಶ್ವರದಲ್ಲಿ ಪಶ್ಚಿಮ ಕರಾವಳಿಯ ಎತ್ತರದ ತಳಿಯನ್ನು ಚಾವಕ್ಕಾಡಿನ ಹಸಿರು ಗಿಡ್ಡ ತಳಿಯೊಡನೆ ಸಂಕರಗೊಳಿಸಿದ ಪ್ರಯೋಗವು ಜಗತ್ತಿನ ತೆಂಗು ಸಂಶೋಧನೆಯಲ್ಲಿಯೇ ಒಂದು ಮೈಲಿಗಲ್ಲು. ಅದನ್ನು ನಡೆಸಿದ ಜೆ.ಎಸ್. ಪಟೇಲರ ತೆಂಗನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು 1938ರಲ್ಲಿ ಮದರಾಸು ಸರ್ಕಾರದ ಮುದ್ರಣಾಲಯವೇ ಅಚ್ಚುಹಾಕಿತು. ಸಂಕರ ಸಸಿ ಬೇಗ ಹೊಂಬಾಳೆ ಬಿಡುತ್ತದೆ, ಹೆಚ್ಚು ಕಾಯಿ ಕೊಡುತ್ತದೆ ಎಂಬುದು ವಿಜ್ಞಾನಕ್ಕೆ ಸಿದ್ಧವಾಯಿತು.

ಮರುವರ್ಷ, 1933ರಲ್ಲಿ, ಅದೇ ಜಿಲ್ಲೆಯ ಪುತ್ತೂರು ಸೀಮೆಯಿಂದ ಇನ್ನೊಂದು ಪಠ್ಯ ಬಂತು: ಶಿವರಾಮ ಕಾರಂತರ ‘ಚೋಮನ ದುಡಿ’. ಚೋಮನಿಗೆ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಬೇಸಾಯ ಮಾಡಬೇಕೆಂಬ ಹಂಬಲವಿದೆ. ಇಲ್ಲದಿರುವುದು ಭೂಮಿ, ಅದು ಅವನಿಗೆ ಸಿಗದಂತೆ ತಡೆದಿರುವುದು ಅವನ ಜಾತಿ. ಧಣಿ ಸಂಕಪ್ಪಯ್ಯನ ಮನಸ್ಸು ತುಸು ಮೆದುವಾದರೂ ಮನೆಯ ಆಚಾರ ಮೆದುವಾಗುವುದಿಲ್ಲ. ಕನ್ನಡ ವಿಮರ್ಶೆಯು ಈ ಕೃತಿಯನ್ನು ಗಾಂಧಿಯುಗದ ಅಸ್ಪೃಶ್ಯತೆಯ ಪ್ರಶ್ನೆಯೊಡನೆ, ಮತಾಂತರದ ಪ್ರಶ್ನೆಯೊಡನೆ, ತಳಸಮುದಾಯದ ಪ್ರತಿನಿಧೀಕರಣದ ಪ್ರಶ್ನೆಯೊಡನೆ ಸಾಕಷ್ಟು ಮುಖಾಮುಖಿಯಾಗಿಸಿದೆ. ಸರ್ಕಾರದ ಕೃಷಿ ಪ್ರೋತ್ಸಾಹದೊಡನೆ ಮುಖಾಮುಖಿಯಾಗಿಸಿದ್ದು ಕಡಿಮೆ. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಪ್ರಭುತ್ವವು ಉತ್ತಮ ಬೆಳೆಯನ್ನು ಸೃಷ್ಟಿಸುತ್ತಿದ್ದಾಗ, ಇನ್ನೊಂದು ತುದಿಯ ಕಾದಂಬರಿಯೊಂದು ಬೆಳೆಯುವ ಹಕ್ಕು ಯಾರದೆಂದು ಕೇಳುತ್ತಿತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಇರಿಸಿದರೆ ಚೋಮನ ದುರಂತವು ಒಂದು ಜಾತಿವ್ಯವಸ್ಥೆಯ ಕ್ರೌರ್ಯವಾಗಿ ಮಾತ್ರವಲ್ಲದೆ ‘ಅಭಿವೃದ್ಧಿ’ ಎಂಬ ಕಲ್ಪನೆಯ ಗಡಿಯಾಗಿಯೂ ಕಾಣತೊಡಗುತ್ತದೆ.

ಈ ಗಡಿ ಜಾತಿಯಲ್ಲಿ ಆರಂಭವಾಗಿ ಗೇಣಿಯವರೆಗೂ ಚಾಚಿಕೊಂಡಿತ್ತು. ಎತ್ತರದ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಕೊಡತೊಡಗಿದ ಮೇಲೆ ಅರವತ್ತು ವರ್ಷ ಕೊಡುತ್ತದೆ. ಹಾಗಾಗಿ ತೆಂಗಿನ ಸಸಿ ನೆಡುವುದೆಂದರೆ ಆ ನೆಲದಲ್ಲಿ ತಾನೂ ತನ್ನ ಮಕ್ಕಳೂ ಇರುತ್ತೇವೆಂದು ನಂಬುವುದು. ಮೂಲಗೇಣಿಯವನಿಗೆ ಆ ನಂಬಿಕೆ ಸಾಧ್ಯವಿತ್ತು. ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಚಾಲಗೇಣಿಯವನು ಯಾವ ಧೈರ್ಯದಿಂದ ನೆಟ್ಟಾನು? ಪಕ್ಕದ ಮಲಬಾರಿನಲ್ಲಿ ಒಕ್ಕಲು ಬಿಡುವ ಗೇಣಿದಾರನಿಗೆ ಅವನು ನೆಟ್ಟ ಮರಗಳಿಗಾಗಿ ಪರಿಹಾರ ಕೊಡಬೇಕೆಂಬ ಶಾಸನ 1887ರಲ್ಲೇ ಬಂದಿತ್ತು. ಮರಕ್ಕೂ ಗೇಣಿಗೂ ಇರುವ ಸಂಬಂಧವನ್ನು ಸರ್ಕಾರ ಅರಿಯದೆ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಅರಿತೂ ಅದು ಒಳ್ಳೆಯ ಸಸಿಯ ಪ್ರಶ್ನೆಯನ್ನು ಭದ್ರವಾದ ನೆಲದ ಪ್ರಶ್ನೆಯಿಂದ ಬೇರೆಯಾಗಿಯೇ ಇರಿಸಿತು. ಗೇಣಿಯ ಪ್ರಶ್ನೆ ಇತ್ಯರ್ಥವಾಗಲು ಕಾಸರಗೋಡು 1970ರವರೆಗೆ, ಕರ್ನಾಟಕದ ಕರಾವಳಿ ದೇವರಾಜ ಅರಸರ 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು.

ಸಾಲದ ವಿಷಯವೂ ಹೀಗೆಯೇ. 1883ರ ಭೂ ಸುಧಾರಣಾ ಸಾಲಗಳ ಕಾಯಿದೆಯ ನಂತರ ‘ತಕ್ಕಾವಿ’ ಎಂಬ ಪದ ಕನ್ನಡ ಹಳ್ಳಿಗಳಲ್ಲಿ ಮನೆಮಾತಾಯಿತು. ಬಾವಿ ತೋಡಲು, ಬದು ಹಾಕಲು ಸರ್ಕಾರ ಕೊಡುವ ಈ ಸಾಲಕ್ಕೆ ಜಮೀನೇ ಭದ್ರತೆ. ಜಮೀನಿಲ್ಲದವನಿಗೆ ಅದು ಕೇಳಿ ತಿಳಿದ ಪದ ಮಾತ್ರ. ಇಲ್ಲಿ ಭಾಷಿಕವಾಗಿ ಕುತೂಹಲದ ಒಂದು ಸಂಗತಿಯಿದೆ. ತರಿ, ಖುಷ್ಕಿ, ಬಾಗಾಯ್ತು, ಜಮಾಬಂದಿ, ಖಾತೆ, ಪಹಣಿ, ತಕ್ಕಾವಿ ಮುಂತಾದ ಆಡಳಿತದ ಪದಗಳು ಎಲ್ಲಿಂದಲೋ ಬಂದು ಅನಕ್ಷರಸ್ಥ ರೈತನ ನಾಲಗೆಯಲ್ಲಿಯೂ ಕನ್ನಡವಾದವು. ಪ್ರಭುತ್ವವು ತೆರಿಗೆಗಾಗಿ ಪ್ರತಿ ಮನೆಯ ಬಾಗಿಲಿಗೂ ಹೋಗಬೇಕಾಗಿದ್ದುದರಿಂದ ಕಂದಾಯದ ಮಾತು ಪ್ರತಿ ಮನೆಗೂ ತಲುಪಿತು. ಸಂಶೋಧನೆಯ ಮಾತು ಹಾಗೆ ತಲುಪಲಿಲ್ಲ; ಅದು ಇಂಗ್ಲಿಷಿನಲ್ಲಿಯೇ ಹುಟ್ಟಿ ಇಂಗ್ಲಿಷಿನಲ್ಲಿಯೇ ವರದಿಯಾಯಿತು. ಕೊಡುವ ಸರ್ಕಾರಕ್ಕಿಂತ ತೆಗೆದುಕೊಳ್ಳುವ ಸರ್ಕಾರವೇ ಹೆಚ್ಚು ಕನ್ನಡ ಮಾತನಾಡಿತು ಎಂದರೆ ಅತಿಶಯೋಕ್ತಿಯಾಗದು.

ಇದಕ್ಕೆ ಅಪವಾದಗಳಿವೆ. ಅಪವಾದಗಳೇ ಹೆಚ್ಚು ಕಲಿಸುತ್ತವೆ. ಮೈಸೂರಿನ ಕೃಷಿ ಇಲಾಖೆಗೆ 1908ರಲ್ಲಿ ಬಂದು ಮುಂದೆ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್‌ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ತೋಟಗಳಲ್ಲಿಯೇ ನಿಂತು ಅಧ್ಯಯನ ಮಾಡಿದರು. ಮಳೆಗೆ ಮುನ್ನ ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುವ ಪದ್ಧತಿ ಬೆಳೆಗಾರರಲ್ಲಿ ಮೊದಲೇ ಇತ್ತು. ಗೊನೆ ಒದ್ದೆಯಾಗದಂತೆ ನೋಡಿಕೊಳ್ಳುವುದೇ ಅದರ ತತ್ವ. ಕೋಲ್‌ಮನ್ನರ ಇಲಾಖೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತಂದಿತು. ಮೈಲುತುತ್ತವೂ ಸುಣ್ಣವೂ ಬೆಳೆಗಾರನಿಗೆ ಗೊತ್ತಿದ್ದ ಪದಾರ್ಥಗಳು, ಗೊತ್ತಿದ್ದ ಪದಗಳು. ಹೊಸ ವಿದ್ಯೆ ಹಳೆಯ ಮಾತಿನೊಳಗೆ ಇಳಿಯಿತು. ‘ಔಷಧಿ ಹೊಡೆಯುವುದು’ ಎಂಬ ನುಡಿಗಟ್ಟು ಇಂದು ಮಲೆನಾಡು ಕರಾವಳಿಗಳ ಮಳೆಗಾಲದ ಭಾಷೆಯ ಭಾಗವೇ ಆಗಿದೆ. ಇಂಗ್ಲಿಷ್ ವಿಜ್ಞಾನವು ಕನ್ನಡಿಗರಿಗೆ ಒಗ್ಗುವುದಿಲ್ಲ ಎಂಬ ವಾದವನ್ನು ಈ ನಿದರ್ಶನವು ನಿರಾಕರಿಸುತ್ತದೆ.

ಬಯಲುಸೀಮೆಯ ತೆಂಗಿಗೆ ಇಂತಹ ಒಡನಾಟ ಅಷ್ಟಾಗಿ ಒದಗಲಿಲ್ಲ. ನೀರಾವರಿಯಿಂದ ನೆರವು ಸಿಕ್ಕಿತು ನಿಜ. ಹಿರಿಯೂರಿನ ಬಳಿಯ ಮಾರಿಕಣಿವೆಯ ಜಲಾಶಯದ ಕೆಳಗೆ ಬೆಳೆದ ತೋಟಗಳು ಯಾವ ಸಂಶೋಧನಾ ವರದಿಗೂ ಕಾಯಲಿಲ್ಲ. ಆದರೆ ತೆಂಗಿನ ಬಗ್ಗೆ ಪ್ರಭುತ್ವಕ್ಕಿದ್ದ ದೃಷ್ಟಿ ಎಣ್ಣೆಯ ದೃಷ್ಟಿ. ತಿಪಟೂರು, ಅರಸೀಕೆರೆ ಕಡೆಯ ಬೆಳೆಗಾರ ಬೆಳೆಯುತ್ತಿದ್ದುದು ತಿನ್ನುವ ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ, ವರ್ಷದ ಬಹುಪಾಲು ಅಲ್ಲಿಯೇ ಬಿಟ್ಟು, ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಅಲ್ಲಾಡಿಸಿದರೆ ಒಳಗೆ ಲೊಟಗುಟ್ಟುವವರೆಗೆ ಕಾಯುವ ಕೆಲಸವದು. ಒಡೆದು ಬಿಸಿಲಿಗೆ ಹಾಕಿ ಗಾಣಕ್ಕೆ ಕಳಿಸುವ ಕರಾವಳಿಯ ಕೊಬ್ಬರಿಗೂ ಇದಕ್ಕೂ ಪದ್ಧತಿಯಲ್ಲಿ, ರುಚಿಯಲ್ಲಿ, ಮಾರುಕಟ್ಟೆಯಲ್ಲಿ ಸಂಬಂಧವಿಲ್ಲ. ಕಾಯಿಯನ್ನು ತಟ್ಟಿ, ಅಲ್ಲಾಡಿಸಿ, ತೂಗಿ ಹೇಳುವ ಜ್ಞಾನ ಅಲ್ಲಿನ ಹೆಂಗಸರ, ಕೂಲಿಯವರ ಕೈಕಿವಿಗಳಲ್ಲಿದೆ. ಈ ಎರಡು ಕೊಬ್ಬರಿಗಳ ಭೇದವು ಇಂದು ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲಿಯೂ ಉಳಿದಿದೆ: 2024ರ ಹಂಗಾಮಿಗೆ ಗಿರಣಿ ಕೊಬ್ಬರಿಗೆ ಕ್ವಿಂಟಾಲಿಗೆ 11,160 ರೂಪಾಯಿ, ಉಂಡೆ ಕೊಬ್ಬರಿಗೆ 12,000 ರೂಪಾಯಿ. 2025ರಲ್ಲಿ ಮಾರುಕಟ್ಟೆಯ ಧಾರಣೆ ಈ ಅಂಕಿಗಳನ್ನು ಬಹಳ ಹಿಂದೆ ಬಿಟ್ಟಿತೆಂಬುದು ಬೇರೆ ಮಾತು. ಬೆಲೆಯನ್ನು ನಿಗದಿಪಡಿಸುವಾಗ ಗುರುತಿಸಲ್ಪಡುವ ಭೇದವು ಜ್ಞಾನವನ್ನು ದಾಖಲಿಸುವಾಗ ಮಾತ್ರ ಏಕೆ ಅಳಿಸಿಹೋಗಬೇಕು?

ದಾಖಲೆಯ ಪ್ರಶ್ನೆ ಬಂದಾಗ ಕನ್ನಡ ವಿದ್ವತ್ತು ತನ್ನದೇ ಪರಂಪರೆಯನ್ನು ನೆನೆಯಬೇಕಾಗುತ್ತದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ಪದ್ಯದಲ್ಲಿ ಗೊಬ್ಬರದ ಮಾತು ಬಂದರೆ ಅದು ಸಾಹಿತ್ಯವೇ ಅಲ್ಲವೇ ಎಂಬ ಸಂಕೋಚ ಆ ಕವಿಗಿರಲಿಲ್ಲ. ಅಂತಹ ಕೃತಿಯನ್ನು ‘ಶಾಸ್ತ್ರಸಾಹಿತ್ಯ’ ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕಿ, ಇಪ್ಪತ್ತನೆಯ ಶತಮಾನದ ವ್ಯವಸಾಯ ಕೈಪಿಡಿಗಳನ್ನು ಕಪಾಟಿನ ಹೊರಗೇ ಬಿಟ್ಟಿರುವುದು ಆಧುನಿಕ ವಿದ್ವತ್ತಿನ ವಿಚಿತ್ರ ನ್ಯಾಯ. ಪರಿಷತ್ತಿನ ಬೃಹತ್ ನಿಘಂಟು ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಆಧರಿಸಿದುದು. ಅದರ ಘನತೆ ಪ್ರಶ್ನಾತೀತ. ಆದರೆ ಗ್ರಂಥಕ್ಕೆ ಏರದ ಪದ ಅಂತಹ ನಿಘಂಟಿಗೂ ಏರುವುದು ಕಷ್ಟ. ಹೊಂಬಾಳೆ ಕಾವ್ಯಕ್ಕೆ ಬಂದಿತು, ನಿಘಂಟಿಗೂ ಬಂದಿತು. ಎಳೆಯ ಕಾಯಿ ನಿಲ್ಲದೆ ಉದುರುವುದನ್ನು ಬಯಲುಸೀಮೆಯವನು ‘ಹರಳು ಉದುರುತ್ತಿದೆ’ ಎನ್ನುವಾಗಿನ ‘ಹರಳು’, ಕರಾವಳಿಯವನು ಎಳನೀರಿನ ಕಾಯಿಗೆ ಹೇಳುವ ‘ಬೊಂಡ’, ಸುಳಿಯನ್ನು ಕೊರೆಯುವ ದುಂಬಿಗೆ ಹೇಳುವ ‘ಕುರುವಾಯಿ’ ಇವುಗಳ ಅರ್ಥಚ್ಛಾಯೆಗಳನ್ನು ಪ್ರದೇಶವಾರು ಗುರುತಿಸಿದ ಸಮಗ್ರ ಕೆಲಸ ಆಗಬೇಕಾಗಿದೆ. ತುಳುವಿನ ಮಟ್ಟಿಗೆ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದ ಆರು ಸಂಪುಟಗಳ ನಿಘಂಟು ಆಡುಮಾತಿನ, ವೃತ್ತಿಯ, ಆಚರಣೆಯ ಪದಗಳಿಗೆ ಬಾಗಿಲು ತೆರೆದು ದಾರಿ ತೋರಿದೆ.

ಸಾಹಿತ್ಯ ವಿಭಾಗವು ಸಾಹಿತ್ಯವನ್ನು ಬಿಟ್ಟು ತೆಂಗಿನ ತೋಟಕ್ಕೆ ಏಕೆ ಹೋಗಬೇಕೆಂಬ ಆಕ್ಷೇಪ ಏಳಬಹುದು. ಆಕ್ಷೇಪ ಹಗುರವಾದುದಲ್ಲ. ಸಂಸ್ಕೃತಿ ಅಧ್ಯಯನದ ಹೆಸರಿನಲ್ಲಿ ಎಲ್ಲವನ್ನೂ ಪಠ್ಯವೆಂದು ಕರೆದು ಯಾವುದನ್ನೂ ಸರಿಯಾಗಿ ಓದದ ಪ್ರಬಂಧಗಳು ಕಳೆದ ದಶಕಗಳಲ್ಲಿ ಬಂದಿರುವುದುಂಟು. ಆದರೆ ಇಲ್ಲಿ ಕೇಳುತ್ತಿರುವುದು ಕನ್ನಡ ಗದ್ಯದ ಚರಿತ್ರೆಯನ್ನೇ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು ರೈತರ ಕೈಗೆ ಲೇಖನಿ ಕೊಟ್ಟಾಗ ಕನ್ನಡದಲ್ಲಿ ಒಂದು ಹೊಸ ಗದ್ಯವೇ ಕಾಣಿಸಿಕೊಂಡಿತು. ಅಳತೆ, ಖರ್ಚು, ಸೋಲು, ಊಹೆಗಳನ್ನು ಮುಚ್ಚುಮರೆಯಿಲ್ಲದೆ ಹೇಳುವ ಆ ಬರವಣಿಗೆಯನ್ನು ಅದೇ ಕಾಲದ ಇಲಾಖೆಯ ಕರಪತ್ರಗಳ ಪಕ್ಕದಲ್ಲಿಟ್ಟರೆ ಶೈಲಿಶಾಸ್ತ್ರದ ವಿದ್ಯಾರ್ಥಿಗೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ. ಒಂದರಲ್ಲಿ ಕರ್ತೃವಿದ್ದಾನೆ, ಇನ್ನೊಂದರಲ್ಲಿ ಕರ್ಮಣಿ ಪ್ರಯೋಗ ಮಾತ್ರವಿದೆ. ‘ನೀರು ಹಾಯಿಸತಕ್ಕದ್ದು’ ಎನ್ನುವ ವಾಕ್ಯದಲ್ಲಿ ಹಾಯಿಸುವವನೂ ಇಲ್ಲ, ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂಬ ಅನುಮಾನವೂ ಇಲ್ಲ. ಈ ‘ತಕ್ಕದ್ದು’ ವಸಾಹತು ಆಡಳಿತದ ಭಾಷಾಂತರ ಗದ್ಯದಿಂದ ಇಳಿದು ಬಂದ ಬಳುವಳಿಯೆಂಬ ಊಹೆಯನ್ನು ಪರೀಕ್ಷಿಸಿ ನೋಡಲು ಯಾರೂ ತೊಡಗದಿರುವುದು ಸೋಜಿಗ.

ಕಾಸರಗೋಡಿನ ಕೇಂದ್ರದ ಮುಂದಿನ ಕಥೆ ಕನ್ನಡದ ಗಡಿಯ ಕಥೆಯೂ ಹೌದು. 1948ರಲ್ಲಿ ಅದು ಭಾರತೀಯ ಕೇಂದ್ರ ತೆಂಗು ಸಮಿತಿಯ ಕೈಗೆ ಹೋಯಿತು, 1956ರ ನವೆಂಬರ್ 1ರಂದು ತಾಲ್ಲೂಕು ಕೇರಳಕ್ಕೆ ಸೇರಿತು, 1970ರಲ್ಲಿ ಕೇಂದ್ರವು ರಾಷ್ಟ್ರಮಟ್ಟದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಸಂಸ್ಥೆ ಇರುವ ಕೂಡ್ಲು ಹೊಳೆಯ ಉತ್ತರಕ್ಕೇ ಇದೆ. ಗಡಿವಿವಾದದ ಕನ್ನಡ ಬರವಣಿಗೆಯಲ್ಲಿ ಶಾಲೆ, ಕಚೇರಿ, ಕವಿಗಳ ಹೆಸರುಗಳು ಬರುತ್ತವೆ. ಒಂದು ಶತಮಾನ ಕಾಲ ಕನ್ನಡ, ತುಳು, ಮಲಯಾಳಗಳನ್ನಾಡುವ ಕೂಲಿಯಾಳುಗಳು ಹೂವಿನಿಂದ ಹೂವಿಗೆ ಪರಾಗ ಒಯ್ದು, ಮರ ಹತ್ತಿ ಗೊನೆ ಎಣಿಸಿದ ಈ ಸಂಸ್ಥೆಯ ಹೆಸರು ಬರುವುದು ಕಡಿಮೆ. ಗಡಿನಾಡಿನಲ್ಲಿ ಭಾಷೆಗಳ ಕೊಡುಕೊಳುಗೆ ನಡೆಯುವುದು ಶಾಲೆಯಲ್ಲಿ ಎಷ್ಟೋ ಇಂತಹ ಕೆಲಸದ ನೆಲದಲ್ಲಿಯೂ ಅಷ್ಟೇ. ಇದೇ ಸಂಸ್ಥೆಯ ದಕ್ಷಿಣ ಏಷ್ಯಾದ ತೆಂಗು ತಳಿ ಸಂಗ್ರಹ ಇರುವುದು ಸುಬ್ರಹ್ಮಣ್ಯದ ಸಮೀಪದ ಕಿದುವಿನಲ್ಲಿ, ಅಂದರೆ ‘ಬೆಟ್ಟದ ಜೀವ’ದ ಗೋಪಾಲಯ್ಯನು ಕಾಡು ಕಡಿದು ತೋಟ ಎಬ್ಬಿಸಿದ ಸೀಮೆಯ ಆಸುಪಾಸಿನಲ್ಲಿ. ದೇಶವಿದೇಶಗಳ ತಳಿಗಳು ಅಲ್ಲಿ ಸಾಲಾಗಿ ನಿಂತಿವೆ. ಪ್ರತಿಯೊಂದಕ್ಕೂ ಹೆಸರಿದೆ, ಸಂಖ್ಯೆಯಿದೆ.

ಆರಂಭಿಸಲು ದೂರ ಹೋಗಬೇಕಾಗಿಲ್ಲ. ಸಂಪದಭ್ಯುದಯ ಸಮಾಜದ ನಡಾವಳಿಗಳು ಅಚ್ಚಾಗಿವೆ, ಮೈಸೂರು ಸರ್ಕಾರದ ಕಡತಗಳು ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿವೆ, ಹೆಬ್ಬಾಳದ ಕ್ಷೇತ್ರ ಮತ್ತಿಕೆರೆಯಿಂದ ಒಂದು ಬಸ್ಸಿನ ದೂರದಲ್ಲಿದೆ. ವಿದ್ಯಾಭ್ಯಾಸ ಸಮಿತಿಯ ಹಾಳೆಗಳನ್ನು ಪರಿಷತ್ತಿನ ಇತಿಹಾಸಕ್ಕಾಗಿ ತಿರುವಿಹಾಕಿದವರು ಹಲವರು. ಅದೇ ಕಟ್ಟಿನಲ್ಲಿರುವ ವ್ಯವಸಾಯ ಸಮಿತಿಯ ಹಾಳೆಗಳನ್ನು ಕನ್ನಡ ವಿಭಾಗದ ಒಬ್ಬ ಸಂಶೋಧಕ ಬಿಡಿಸಿ, ಅದರ ಒಂದೊಂದು ನಿರ್ಣಯವೂ ಯಾವ ಕನ್ನಡದಲ್ಲಿ ಯಾವ ತಾಲ್ಲೂಕಿಗೆ ಹೋಯಿತು, ಎಲ್ಲಿ ನಿಂತಿತು ಎಂದು ಬೆನ್ನುಹತ್ತಿ ಹೋದರೆ ಒಂದು ಮಹಾಪ್ರಬಂಧಕ್ಕೆ ಸಾಲುವಷ್ಟು ಕೆಲಸ ಅಲ್ಲಿದೆ. ಅಟ್ಟದ ಮೇಲಿನ ಕೊಬ್ಬರಿಯನ್ನು ಅಲ್ಲಾಡಿಸಿ ನೋಡಿ ಹೇಳಬಲ್ಲ ಹಿರಿಯರು ತಿಪಟೂರಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಧ್ವನಿಮುದ್ರಿಸುವ ಕೆಲಸ ಕಡತಗಳಿಗಿಂತ ಮೊದಲು ಆಗಬೇಕು.